ಮಿದುಳಿಗೆ ಗಾಳಿ ತುಂಬಿ ಗೆಡ್ಡೆ ಹುಡುಕಿದ ವಾಲ್ಟರ್ ಡ್ಯಾಂಡಿ

ತಲೆನೋವು ವಾರಗಟ್ಟಲೆ ಬಿಡದೆ ಕಾಡಿದರೆ, ಅದರೊಂದಿಗೆ ವಾಂತಿ, ಮಂಜಾಗುವ ದೃಷ್ಟಿ, ಕೈಕಾಲುಗಳ ಸೆಳೆತ ಸೇರಿಕೊಂಡರೆ ವೈದ್ಯರು ಇಂದು ಮೊದಲು ಬರೆದುಕೊಡುವುದು ಸ್ಕ್ಯಾನಿಂಗ್ ಚೀಟಿಯನ್ನು. ರೋಗಿ ಯಂತ್ರದೊಳಗೆ ಮಲಗಿ ಎದ್ದು ಬರುವಷ್ಟರಲ್ಲಿ ಅವನ ಮಿದುಳಿನ ಒಂದೊಂದು ಪದರವೂ ಪರದೆಯ ಮೇಲೆ ಮೂಡಿರುತ್ತದೆ. ಗೆಡ್ಡೆ ಇದೆಯೇ, ಇದ್ದರೆ ಎಡಕ್ಕೋ ಬಲಕ್ಕೋ, ಮೇಲ್ಭಾಗದಲ್ಲೋ ಆಳದಲ್ಲೋ ಎಂಬುದು ಅಂದೇ ತಿಳಿಯುತ್ತದೆ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಇದಾವುದೂ ಇರಲಿಲ್ಲ. ರೋಗಿಯ ನಡಿಗೆ, ಕಣ್ಣಿನ ಪಾಪೆ, ಮಾತಿನ ತೊದಲು, ಸ್ಪರ್ಶಜ್ಞಾನ ಇವುಗಳನ್ನು ಪರೀಕ್ಷಿಸಿ ಗೆಡ್ಡೆಯ ನೆಲೆಯನ್ನು ಊಹಿಸಬೇಕಿತ್ತು. ಊಹೆ ಸರಿಯಾದರೆ ಶಸ್ತ್ರವೈದ್ಯನಿಗೆ ಗೆಡ್ಡೆ ಸಿಗುತ್ತಿತ್ತು. ತಪ್ಪಿದರೆ? ಬುರುಡೆ ತೆರೆದು, ಏನೂ ಕಾಣದೆ, ಮತ್ತೆ ಮುಚ್ಚಿ ಹೊಲಿಯುವುದಷ್ಟೇ ಉಳಿಯುತ್ತಿತ್ತು.

ಈ ಕುರುಡು ಹುಡುಕಾಟಕ್ಕೆ ಮೊದಲ ಬಾರಿಗೆ ಕಣ್ಣು ಕೊಟ್ಟವರು ಅಮೆರಿಕದ ನರಶಸ್ತ್ರವೈದ್ಯ ವಾಲ್ಟರ್ ಎಡ್ವರ್ಡ್ ಡ್ಯಾಂಡಿ. ಅವರು ಬಳಸಿದ್ದು ಯಾವುದೇ ಹೊಸ ಯಂತ್ರವನ್ನಲ್ಲ, ದುಬಾರಿ ರಾಸಾಯನಿಕವನ್ನೂ ಅಲ್ಲ. ನಾವೆಲ್ಲ ಉಸಿರಾಡುವ ಬರಿಯ ಗಾಳಿಯನ್ನು!

ಡ್ಯಾಂಡಿ ಹುಟ್ಟಿದ್ದು 1886ರ ಏಪ್ರಿಲ್ 6ರಂದು, ಮಿಸೌರಿ ರಾಜ್ಯದ ಸೆಡೇಲಿಯಾ ಎಂಬ ರೈಲ್ವೆ ಪಟ್ಟಣದಲ್ಲಿ. ತಂದೆ ಜಾನ್ ಡ್ಯಾಂಡಿ ಇಂಗ್ಲೆಂಡಿನಿಂದ, ತಾಯಿ ರೇಚಲ್ ಐರ್ಲೆಂಡಿನಿಂದ ವಲಸೆ ಬಂದವರು. ತಂದೆಯದು ರೈಲು ಎಂಜಿನ್ ಓಡಿಸುವ ವೃತ್ತಿ. ಒಬ್ಬನೇ ಮಗ. ಓದಿನಲ್ಲಿ ಸದಾ ಮುಂದಿದ್ದ ವಾಲ್ಟರ್ 1907ರಲ್ಲಿ ಮಿಸೌರಿ ವಿಶ್ವವಿದ್ಯಾಲಯದಿಂದ ಪದವಿ ಪಡೆದು, ಅದೇ ವರ್ಷ ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್ ವೈದ್ಯಕೀಯ ಶಾಲೆಗೆ ನೇರವಾಗಿ ಎರಡನೆಯ ವರ್ಷದ ತರಗತಿಗೆ ಸೇರಿದರು. 1910ರಲ್ಲಿ ವೈದ್ಯರಾದಾಗ ಅವರ ವಯಸ್ಸು 24. ಅಲ್ಲಿಂದ ಮುಂದೆ ಜೀವನದ ಕೊನೆಯ ದಿನದವರೆಗೂ ಅವರು ಹಾಪ್ಕಿನ್ಸ್ ಬಿಟ್ಟು ಕದಲಲಿಲ್ಲ.

ಆಗ ಹಾಪ್ಕಿನ್ಸ್‌ನಲ್ಲಿ ಇಬ್ಬರು ಮಹಾರಥಿಗಳಿದ್ದರು. ಒಬ್ಬರು ಶಸ್ತ್ರವೈದ್ಯ ವಿಭಾಗದ ಮುಖ್ಯಸ್ಥ ವಿಲಿಯಂ ಹಾಲ್‌ಸ್ಟೆಡ್. ಇನ್ನೊಬ್ಬರು, ನರಶಸ್ತ್ರಚಿಕಿತ್ಸೆಯನ್ನು ಒಂದು ಸ್ವತಂತ್ರ ಶಾಖೆಯಾಗಿ ಕಟ್ಟುತ್ತಿದ್ದ ಹಾರ್ವೆ ಕುಶಿಂಗ್. ಪದವಿ ಮುಗಿದ ಕೂಡಲೇ ಡ್ಯಾಂಡಿ ಕುಶಿಂಗರ ಕೈಕೆಳಗೆ ಹಂಟೇರಿಯನ್ ಪ್ರಯೋಗಾಲಯ ಸೇರಿದರು. ಶಿಷ್ಯ ಪ್ರತಿಭಾವಂತ, ಗುರು ಅದಕ್ಕೂ ಮಿಗಿಲು. ಆದರೆ ಇಬ್ಬರೂ ಹಟಮಾರಿಗಳು. ಇಬ್ಬರ ನಡುವೆ ಮೊದಲ ವರ್ಷದಲ್ಲೇ ಬಿರುಕು ಮೂಡಿತು. 1912ರಲ್ಲಿ ಕುಶಿಂಗ್ ಬಾಸ್ಟನ್ನಿನ ಪೀಟರ್ ಬೆಂಟ್ ಬ್ರಿಗಮ್ ಆಸ್ಪತ್ರೆಗೆ ಹೊರಟು ನಿಂತಾಗ ಡ್ಯಾಂಡಿ ತಾನೂ ಜೊತೆಯಲ್ಲಿ ಹೋಗುವೆನೆಂದೇ ನಂಬಿದ್ದರು. ಕೊನೆಯ ಗಳಿಗೆಯಲ್ಲಿ ಗುರು ಕೈಬಿಟ್ಟರು. ಅತ್ತ ಬಾಸ್ಟನ್ನಿನಲ್ಲಿ ಕೆಲಸವಿಲ್ಲ, ಇತ್ತ ಬಾಲ್ಟಿಮೋರಿನಲ್ಲಿ ಹುದ್ದೆಯಿಲ್ಲ. ಆಸ್ಪತ್ರೆಯ ಆಡಳಿತಾಧಿಕಾರಿ ಉಳಿದುಕೊಳ್ಳಲು ಒಂದು ಕೊಠಡಿ ಕೊಟ್ಟದ್ದರಿಂದ ತರುಣ ವೈದ್ಯ ಬೀದಿಗೆ ಬೀಳಲಿಲ್ಲ. ಮುಂದೆ ಹಾಲ್‌ಸ್ಟೆಡ್ ಅವರನ್ನು ತಮ್ಮ ವಿಭಾಗಕ್ಕೆ ತೆಗೆದುಕೊಂಡರು. ಗುರುಶಿಷ್ಯರ ಈ ವೈಮನಸ್ಯ ಮಾತ್ರ ಕುಶಿಂಗ್ ಬದುಕಿರುವವರೆಗೂ ಆರಲಿಲ್ಲ.

ನೆಲೆಯಿಲ್ಲದ ಆ ದಿನಗಳೇ ಡ್ಯಾಂಡಿಯವರ ಮಹತ್ಕಾರ್ಯಕ್ಕೆ ಬುನಾದಿಯಾದದ್ದು ವಿಶೇಷ. ಮಕ್ಕಳ ವೈದ್ಯ ಕೆನೆತ್ ಬ್ಲ್ಯಾಕ್‌ಫ್ಯಾನ್ ಅವರೊಂದಿಗೆ ಸೇರಿ ಡ್ಯಾಂಡಿ ಕೈಗೆತ್ತಿಕೊಂಡದ್ದು ತಲೆಯಲ್ಲಿ ನೀರು ತುಂಬಿ ಶಿಶುಗಳ ಬುರುಡೆ ಊದಿಕೊಳ್ಳುವ ಕಾಯಿಲೆಯನ್ನು. ಅದೇಕೆ ಬರುತ್ತದೆಂದು ಆಗ ಯಾರೂ ಖಚಿತವಾಗಿ ಅರಿತಿರಲಿಲ್ಲ.

ಇಲ್ಲಿ ಮಿದುಳಿನ ರಚನೆಯ ಬಗ್ಗೆ ಎರಡು ಮಾತು ಹೇಳಬೇಕು. ನಮ್ಮ ಮಿದುಳು ಗಟ್ಟಿಯಾದ ಮುದ್ದೆಯಲ್ಲ. ಅದರ ಒಳಗೆ ಒಂದಕ್ಕೊಂದು ಕಿರುದಾರಿಯಿಂದ ಕೂಡಿಕೊಂಡ ನಾಲ್ಕು ಕೋಣೆಗಳಿವೆ. ಎಡಬಲಗಳಲ್ಲಿ ಒಂದೊಂದು, ನಡುವೆ ಮೂರನೆಯದು, ಹಿಂದೆ ಕೆಳಗೆ ನಾಲ್ಕನೆಯದು. ಇವುಗಳಲ್ಲಿ ತಿಳಿನೀರಿನಂಥ ದ್ರವ ಎಡೆಬಿಡದೆ ಸ್ರವಿಸುತ್ತಿರುತ್ತದೆ. ದಿನಕ್ಕೆ ಸುಮಾರು ಅರ್ಧ ಲೀಟರಿನಷ್ಟು. ಕೋಣೆಯಿಂದ ಕೋಣೆಗೆ ಹರಿದು, ಮಿದುಳಿನ ಹೊರಮೈಗೂ ಬೆನ್ನುಹುರಿಯ ಸುತ್ತಲಿಗೂ ಇಳಿದು, ಕೊನೆಗೆ ರಕ್ತಕ್ಕೆ ಸೇರುತ್ತದೆ. ಡ್ಯಾಂಡಿ ಮತ್ತು ಬ್ಲ್ಯಾಕ್‌ಫ್ಯಾನ್ ನಾಯಿಗಳಲ್ಲಿ ಮೂರನೆಯ ಮತ್ತು ನಾಲ್ಕನೆಯ ಕೋಣೆಗಳ ನಡುವಿನ ಕಿರುದಾರಿಗೆ ಹತ್ತಿ ತುರುಕಿ ನೋಡಿದರು. ಮೇಲಿನ ಕೋಣೆಗಳು ಊದಿಕೊಂಡವು. ಬಣ್ಣದ ದ್ರವವನ್ನು ಕೋಣೆಯೊಳಗೆ ಬಿಟ್ಟು ಅದು ಬೆನ್ನಿನ ದ್ರವದಲ್ಲಿ ಕಾಣಿಸಿಕೊಳ್ಳುತ್ತದೆಯೇ ಎಂದು ಪರೀಕ್ಷಿಸಿದರು. ಹೀಗೆ 1913 ಮತ್ತು 1914ರಲ್ಲಿ ಪ್ರಕಟವಾದ ಅವರ ಲೇಖನಗಳು ದ್ರವದ ಹುಟ್ಟು, ಹರಿವು ಮತ್ತು ತಡೆಗಳ ಲೆಕ್ಕವನ್ನು ಸ್ಪಷ್ಟಪಡಿಸಿದವು. ಡ್ಯಾಂಡಿಗೆ ಆಗ 30 ತುಂಬಿರಲಿಲ್ಲ.

ಕೋಣೆಗಳ ಆಕಾರ ತಿಳಿದರೆ ಕಾಯಿಲೆ ತಿಳಿದಂತೆ ಎಂಬುದು ಅವರಿಗೆ ಮನವರಿಕೆಯಾಗಿತ್ತು. ಆದರೆ ಬದುಕಿರುವ ಮನುಷ್ಯನ ತಲೆಯೊಳಗಿನ ಕೋಣೆಯನ್ನು ನೋಡುವುದು ಹೇಗೆ?

ಕ್ಷ-ಕಿರಣ ಸೋತ ಜಾಗ

ರಂಟ್ಜನ್ 1895ರಲ್ಲಿ ಕ್ಷ-ಕಿರಣವನ್ನು ಕಂಡುಹಿಡಿದ ಮೇಲೆ ಮುರಿದ ಮೂಳೆ, ನುಂಗಿದ ಪಿನ್ನು, ಹೊಕ್ಕ ಗುಂಡು ಎಲ್ಲವೂ ವೈದ್ಯರಿಗೆ ಕಾಣತೊಡಗಿದ್ದವು. ಆದರೆ ಮಿದುಳಿನ ಮುಂದೆ ಆ ಕಿರಣ ಸೋತು ಕುಳಿತಿತ್ತು. ಕ್ಷ-ಕಿರಣದ ಚಿತ್ರ ನೆರಳಿನ ಆಟ. ದಟ್ಟವಾದ ವಸ್ತು ಕಿರಣವನ್ನು ತಡೆದು ಬೆಳ್ಳಗೆ ಕಾಣುತ್ತದೆ, ವಿರಳವಾದದ್ದು ಕಪ್ಪಗೆ ಕಾಣುತ್ತದೆ. ಮಿದುಳು, ಅದರೊಳಗಿನ ದ್ರವ, ಅದರಲ್ಲಿ ಬೆಳೆದ ಗೆಡ್ಡೆ ಇವು ಮೂರರ ಸಾಂದ್ರತೆಯೂ ಹೆಚ್ಚುಕಡಿಮೆ ಒಂದೇ. ಮೇಲಾಗಿ ಅವೆಲ್ಲವನ್ನೂ ದಪ್ಪ ಮೂಳೆಯ ಬುರುಡೆ ಸುತ್ತುವರಿದಿದೆ. ಫಲಕದ ಮೇಲೆ ಬುರುಡೆ ಕಾಣುತ್ತಿತ್ತೇ ಹೊರತು ಅದರ ಒಳಗಿನದಲ್ಲ. ಗೆಡ್ಡೆಯಲ್ಲಿ ಸುಣ್ಣದ ಅಂಶ ಸೇರಿಕೊಂಡಿದ್ದರೆ ಅಥವಾ ಅದು ಮೂಳೆಯನ್ನು ಸವೆಸಿದ್ದರೆ ಮಾತ್ರ ಅಲ್ಪಸ್ವಲ್ಪ ಸುಳಿವು ಸಿಗುತ್ತಿತ್ತು. ಡ್ಯಾಂಡಿ ತಮ್ಮ ಹಿರಿಯ ಸಹೋದ್ಯೋಗಿ ಜಾರ್ಜ್ ಹ್ಯೂಯರ್ ಜೊತೆಗೂಡಿ ಗೆಡ್ಡೆಯಿದ್ದ 100 ರೋಗಿಗಳ ಬುರುಡೆಯ ಚಿತ್ರಗಳನ್ನು ಪರಿಶೀಲಿಸಿ 1916ರಲ್ಲಿ ಪ್ರಕಟಿಸಿದರು. ಗೆಡ್ಡೆಯೇ ನೇರವಾಗಿ ನೆರಳು ಬೀರಿದ ಉದಾಹರಣೆಗಳು ತೀರಾ ಕಡಿಮೆಯಿದ್ದವು.

ಹಾಗಾದರೆ ಕೋಣೆಗಳೊಳಗೆ ಕಿರಣವನ್ನು ತಡೆಯುವ ದ್ರಾವಣ ತುಂಬಿದರೆ? ಹೊಟ್ಟೆ, ಮೂತ್ರಕೋಶಗಳಿಗೆ ಇಂಥ ಉಪಾಯ ಆಗಲೇ ಬಳಕೆಗೆ ಬಂದಿತ್ತು. ಡ್ಯಾಂಡಿ ನಾಯಿಗಳ ಮೇಲೆ ಒಂದಾದ ಮೇಲೊಂದು ಪ್ರಯೋಗಿಸಿದರು. ಥೋರಿಯಂ, ಅಯೊಡೈಡು, ಬೆಳ್ಳಿಯ ಸಂಯುಕ್ತಗಳು, ಬಿಸ್ಮತ್ ಎಲ್ಲವೂ ಆಯಿತು. ಮಿದುಳು ಯಾವುದನ್ನೂ ಸಹಿಸಲಿಲ್ಲ, ಪ್ರಾಣಿಗಳು ಉಳಿಯಲಿಲ್ಲ.

ಉತ್ತರ ತಲೆಕೆಳಗಾಗಿ ಬಂತು. ಹೊಟ್ಟೆಯ ಕ್ಷ-ಕಿರಣ ಚಿತ್ರಗಳಲ್ಲಿ ಕರುಳಿನ ವಾಯು ಮೂಳೆಯ ನೆರಳನ್ನೂ ತೂರಿಕೊಂಡು ಕಪ್ಪು ರಂಧ್ರದಂತೆ ಕಾಣುವುದನ್ನು ಹಾಲ್‌ಸ್ಟೆಡ್ ಪದೇ ಪದೇ ತಮ್ಮ ಶಿಷ್ಯರ ಗಮನಕ್ಕೆ ತರುತ್ತಿದ್ದರು. ಮತ್ತೊಂದು ಸಂಗತಿಯೂ ಇತ್ತು. 1913ರಲ್ಲಿ ನ್ಯೂಯಾರ್ಕಿನ ಲಕೆಟ್ ಎಂಬ ವೈದ್ಯರು ಒಂದು ವಿಚಿತ್ರ ಪ್ರಕರಣ ವರದಿ ಮಾಡಿದ್ದರು. ಟ್ರಾಮ್ ಬಡಿದು ಹಣೆಯ ಮೂಳೆ ಬಿರಿದ ಒಬ್ಬನ ಮಿದುಳಿನ ಕೋಣೆಗಳಿಗೆ ಗಾಯದ ಮೂಲಕ ಗಾಳಿ ನುಗ್ಗಿತ್ತು. ಕ್ಷ-ಕಿರಣ ಚಿತ್ರದಲ್ಲಿ ಆ ಕೋಣೆಗಳು ಕಪ್ಪಗೆ, ಸ್ಪಷ್ಟವಾಗಿ ಮೂಡಿದ್ದವು. ಅಂದರೆ ದ್ರವಕ್ಕಿಂತ ದಟ್ಟವಾದುದನ್ನು ತುಂಬುವ ಬದಲು ದ್ರವಕ್ಕಿಂತ ಹಗುರವಾದುದನ್ನು ತುಂಬಬೇಕು. ಗಾಳಿ ವಿಷವಲ್ಲ, ಕೆಲಕಾಲದಲ್ಲಿ ತಾನಾಗಿ ರಕ್ತದಲ್ಲಿ ಕರಗಿಹೋಗುತ್ತದೆ. ಬಿಡಿಬಿಡಿಯಾಗಿ ಎಲ್ಲರ ಕಣ್ಣಿಗೂ ಬಿದ್ದಿದ್ದ ಸಂಗತಿಗಳಿವು. ಕೂಡಿಸಿ ನೋಡಿದ್ದು ಡ್ಯಾಂಡಿ.

1918ರಲ್ಲಿ ಅವರು ಈ ಪರೀಕ್ಷೆಯನ್ನು 'ವೆಂಟ್ರಿಕ್ಯುಲೋಗ್ರಫಿ' ಎಂಬ ಹೆಸರಿನಲ್ಲಿ ಪ್ರಕಟಿಸಿದರು. ಮೊದಲು ಪರೀಕ್ಷೆಗೊಳಗಾದವರು ಮಕ್ಕಳು. ನೆತ್ತಿ ಇನ್ನೂ ಕೂಡಿರದ ಶಿಶುವಿಗೆ ಅಲ್ಲಿಂದಲೇ ಸೂಜಿ ಇಳಿಸಬಹುದು. ದೊಡ್ಡವರಿಗೆ ಬುರುಡೆಯಲ್ಲಿ ಸಣ್ಣ ರಂಧ್ರ ಕೊರೆಯಬೇಕು. ಸೂಜಿ ಕೋಣೆ ಮುಟ್ಟಿದ ಮೇಲೆ ಸ್ವಲ್ಪ ದ್ರವ ಹೊರತೆಗೆದು ಅಷ್ಟೇ ಗಾಳಿ ಒಳಬಿಡುವುದು, ಮತ್ತೆ ಸ್ವಲ್ಪ ದ್ರವ, ಮತ್ತೆ ಅಷ್ಟೇ ಗಾಳಿ. ಗಾಳಿ ಯಾವಾಗಲೂ ಮೇಲಕ್ಕೇರುತ್ತದೆಯಷ್ಟೆ? ಆದ್ದರಿಂದ ತಲೆಯನ್ನು ಮೇಲ್ಮುಖವಾಗಿ, ಕೆಳಮುಖವಾಗಿ, ಎಡಬಲಕ್ಕೆ ಹೊರಳಿಸುತ್ತ ಒಂದೊಂದು ಭಂಗಿಯಲ್ಲಿ ಒಂದೊಂದು ಚಿತ್ರ ತೆಗೆದರೆ ಕೋಣೆಯ ಮೂಲೆಮೂಲೆಯೂ ದಾಖಲಾಗುತ್ತದೆ.

ಆ ಚಿತ್ರವನ್ನು ಓದುವ ಬಗೆಯನ್ನೂ ಡ್ಯಾಂಡಿಯೇ ಕಲಿಸಿದರು. ಅವರು ಗೆಡ್ಡೆಯನ್ನು ಹುಡುಕುತ್ತಿರಲಿಲ್ಲ, ಗೆಡ್ಡೆ ಮಾಡಿದ ಅನಾಹುತವನ್ನು ಹುಡುಕುತ್ತಿದ್ದರು. ಮಿದುಳಿನ ಬಲಭಾಗದಲ್ಲಿ ಗೆಡ್ಡೆ ಬೆಳೆದಿದ್ದರೆ ಬಲಕೋಣೆ ಅಪ್ಪಚ್ಚಿಯಾಗಿ, ಎರಡೂ ಕೋಣೆಗಳು ನಡುಗೆರೆ ದಾಟಿ ಎಡಕ್ಕೆ ಸರಿದಿರುತ್ತವೆ. ಹಿಂದಲೆಯ ಕಿರುಮಿದುಳಿನಲ್ಲಿ ಗೆಡ್ಡೆಯಿದ್ದರೆ ದ್ರವದ ದಾರಿ ಕಟ್ಟಿ ಮೇಲಿನ ಮೂರೂ ಕೋಣೆಗಳು ಒಂದೇ ಸಮನೆ ಹಿಗ್ಗಿರುತ್ತವೆ. ಗೆಡ್ಡೆ ಕೋಣೆಯೊಳಗೇ ಇದ್ದರೆ ಕಪ್ಪು ನೆರಳಿನ ಒಂದು ತುಣುಕು ಯಾರೋ ಕಚ್ಚಿಕೊಂಡು ಹೋದಂತೆ ಮಾಯವಾಗಿರುತ್ತದೆ. ಮನೆಯೊಳಗಿನ ಗೋಡೆ ವಾಲಿದ್ದನ್ನು ನೋಡಿ ಪಕ್ಕದಲ್ಲಿ ಏನೋ ತಳ್ಳುತ್ತಿದೆ ಎಂದು ತಿಳಿದಂತೆ ಇದು.

ಮರುವರ್ಷ, 1919ರಲ್ಲಿ, ಅವರು ಇನ್ನೊಂದು ದಾರಿ ತೋರಿಸಿದರು. ಬುರುಡೆ ಕೊರೆಯದೆ ಬೆನ್ನಿನ ಕೆಳಭಾಗದಲ್ಲಿ ಸೂಜಿ ಚುಚ್ಚಿ ಗಾಳಿ ಬಿಟ್ಟರೆ ಅದು ಬೆನ್ನುಹುರಿಯ ಉದ್ದಕ್ಕೂ ಏರಿ ಮಿದುಳನ್ನು ತಲುಪುತ್ತದೆ. ಇದಕ್ಕೆ 'ನ್ಯೂಮೋಎನ್‌ಸೆಫಲೋಗ್ರಫಿ' ಎಂಬ ಉದ್ದನೆಯ ಹೆಸರು ಬಂತು. ಸುಲಭವೆಂದು ಕಂಡರೂ ಇದರಲ್ಲಿ ದೊಡ್ಡ ಗಂಡಾಂತರವಿತ್ತು. ಗೆಡ್ಡೆಯಿಂದ ತಲೆಯೊಳಗಿನ ಒತ್ತಡ ಏರಿರುವಾಗ ಬೆನ್ನಿನಿಂದ ದ್ರವ ತೆಗೆದರೆ ಮಿದುಳು ಕೆಳಕ್ಕೆ ಜಾರಿ ಬುರುಡೆಯ ತಳದ ರಂಧ್ರದಲ್ಲಿ ಸಿಕ್ಕಿಕೊಳ್ಳಬಹುದು. ಅಲ್ಲಿರುವುದು ಉಸಿರಾಟದ ಕೇಂದ್ರ. ಹೀಗಾಗಿ ಗೆಡ್ಡೆಯ ಶಂಕೆಯಿದ್ದವರಿಗೆ ತಲೆಯ ಮೂಲಕವೇ ಗಾಳಿ ಬಿಡುವುದು ಉಳಿದುಕೊಂಡಿತು. ಅದೂ ನಿರಪಾಯವಾಗಿರಲಿಲ್ಲ. ವಿಪರೀತ ತಲೆನೋವು, ವಾಂತಿ, ಜ್ವರ ಸಾಮಾನ್ಯವಾಗಿದ್ದವು; ಪರೀಕ್ಷೆಯಿಂದಲೇ ಸತ್ತವರೂ ಇದ್ದರು. ಒತ್ತಡದ ಲೆಕ್ಕ ತಪ್ಪುವ ಮುನ್ನ ಗೆಡ್ಡೆ ತೆಗೆಯಬೇಕಾದ್ದರಿಂದ ಪರೀಕ್ಷೆಯ ಬೆನ್ನಿಗೇ ಶಸ್ತ್ರಚಿಕಿತ್ಸೆಗೆ ಅಣಿಯಾಗಬೇಕಿತ್ತು.

ಬಾಸ್ಟನ್ನಿನಲ್ಲಿ ಕುಶಿಂಗ್ ಈ ವಿಧಾನವನ್ನು ಸಂಶಯದಿಂದಲೇ ನೋಡಿದರು. ರೋಗಿಯನ್ನು ಕೂಲಂಕಷವಾಗಿ ಪರೀಕ್ಷಿಸುವ ಕಲೆ ಬಲ್ಲವನಿಗೆ ಇಂಥ ಅಪಾಯದ ಉಪಾಯ ಬೇಕಿಲ್ಲ, ಇದು ಸೋಮಾರಿ ವೈದ್ಯರ ಕೈಗೆ ಸಿಕ್ಕರೆ ಅನರ್ಥವಾದೀತು ಎಂಬುದು ಅವರ ನಿಲುವು. ಹಳೆಯ ಕಹಿ ಇದರಲ್ಲಿ ಬೆರೆತಿರಬಹುದು. ಆದರೂ ಆ ಆತಂಕವನ್ನು ಪೂರ್ತಿ ತಳ್ಳಿಹಾಕುವಂತಿಲ್ಲ. ಸ್ಕ್ಯಾನಿಂಗ್ ವರದಿ ಬರುವವರೆಗೆ ರೋಗಿಯ ಮುಖವನ್ನೇ ನೋಡದ ವೈದ್ಯರ ಬಗ್ಗೆ ನಾವು ಇಂದು ಆಡುವ ದೂರೂ ಅದೇ ಅಲ್ಲವೇ? ಅದೇನೇ ಇರಲಿ, ಗೆಡ್ಡೆ ಸದ್ದಿಲ್ಲದ ಜಾಗದಲ್ಲಿ ಬೆಳೆಯುತ್ತಿದ್ದಾಗ ಎಂಥ ಕುಶಲ ಪರೀಕ್ಷಕನಿಗೂ ಅದರ ನೆಲೆ ಹೇಳಲು ಆಗುತ್ತಿರಲಿಲ್ಲ ಎಂಬುದು ಸತ್ಯ. ಈ ವಾದದಲ್ಲಿ ಡ್ಯಾಂಡಿಯೇ ಗೆದ್ದರು. ಯುರೋಪು, ಅಮೆರಿಕಗಳ ನರಶಸ್ತ್ರವೈದ್ಯರು ಒಬ್ಬೊಬ್ಬರಾಗಿ ಗಾಳಿಯ ದಾರಿ ಹಿಡಿದರು.

1922ರಲ್ಲಿ ಹ್ಯೂಯರ್ ಸಿನ್ಸಿನಾಟಿಗೆ ಹೋದ ಮೇಲೆ ಹಾಪ್ಕಿನ್ಸ್‌ನ ನರಶಸ್ತ್ರಚಿಕಿತ್ಸೆ ಡ್ಯಾಂಡಿಯವರ ಕೈಗೆ ಬಂತು. ಅದೇ ವರ್ಷ ಶ್ರವಣ ನರದ ಮೇಲೆ ಬೆಳೆಯುವ ಗೆಡ್ಡೆಯನ್ನು ಸಂಪೂರ್ಣವಾಗಿ ತೆಗೆಯುವ ವಿಧಾನವನ್ನು ಅವರು ಪ್ರಕಟಿಸಿದರು. ಗೆಡ್ಡೆಯ ತಿರುಳನ್ನಷ್ಟೇ ಬಗೆದು ಹೊರಪದರವನ್ನು ಬಿಟ್ಟುಬಿಡುವುದು ಕುಶಿಂಗರ ಪದ್ಧತಿಯಾಗಿತ್ತು. ತಮ್ಮ ಕೆಲಸಕ್ಕೆ ಸಲ್ಲಬೇಕಾದ ಮನ್ನಣೆ ಶಿಷ್ಯನ ಲೇಖನದಲ್ಲಿ ಇಲ್ಲವೆಂದು ಕುಶಿಂಗ್ ಸಿಟ್ಟಿನ ಪತ್ರ ಬರೆದರು. ಡ್ಯಾಂಡಿ ಬಗ್ಗಲಿಲ್ಲ. 1923ರಲ್ಲಿ ಡ್ಯಾಂಡಿ ಮಿದುಳಿನ ಶಸ್ತ್ರಚಿಕಿತ್ಸೆಯಾದವರಿಗೆಂದೇ ಮೂರು ಹಾಸಿಗೆಗಳ ಪ್ರತ್ಯೇಕ ಕೊಠಡಿ ಮಾಡಿಸಿ, ಹಗಲಿರುಳು ಕಣ್ಗಾವಲಿಗೆ ತರಬೇತಾದ ದಾದಿಯರನ್ನು ನೇಮಿಸಿದರು. ಇಂದಿನ ಐಸಿಯುಗಳ ಚರಿತ್ರೆ ಬರೆಯುವವರು ಆ ಮೂರು ಹಾಸಿಗೆಗಳಿಂದಲೇ ಆರಂಭಿಸುವುದುಂಟು.

ಗ್ಲಯೋಮಾ ಎಂಬ ವೈರಿ

ಮಿದುಳಿನ ಗೆಡ್ಡೆಗಳೆಲ್ಲ ಒಂದೇ ಅಲ್ಲ. ಶ್ವಾಸಕೋಶ, ಸ್ತನ ಮೊದಲಾದ ಕಡೆ ಹುಟ್ಟಿದ ಕ್ಯಾನ್ಸರ್ ರಕ್ತದ ಮೂಲಕ ಮಿದುಳಿಗೆ ಬಂದು ನೆಲೆಸುವುದು ಒಂದು ಬಗೆ. ಮಿದುಳಿನಲ್ಲೇ ಅಥವಾ ಅದರ ಹೊದಿಕೆಯಲ್ಲೇ ಹುಟ್ಟುವುದು ಇನ್ನೊಂದು. ಇವುಗಳನ್ನು ಪ್ರಾಥಮಿಕ ಗೆಡ್ಡೆಗಳೆನ್ನುತ್ತಾರೆ. ಹೊದಿಕೆಯ ಗೆಡ್ಡೆಗಳು ಹೆಚ್ಚಾಗಿ ಸೌಮ್ಯ, ಸುಲಿದು ತೆಗೆಯಬಹುದು. ನರಕೋಶಗಳಿಗೆ ಆಸರೆಯಾಗಿರುವ ಕೋಶಗಳಿಂದ ಹುಟ್ಟುವ ಗ್ಲಯೋಮಾ ಹಾಗಲ್ಲ. ಅದರಲ್ಲೂ ಗ್ಲಯೋಬ್ಲಾಸ್ಟೋಮಾ ಎಂಬುದು ಮರಳಿನಲ್ಲಿ ನೀರು ಇಂಗುವಂತೆ ಆರೋಗ್ಯವಂತ ಮಿದುಳಿನೊಳಗೆ ಬೆರೆತುಹೋಗುತ್ತದೆ. ಎಲ್ಲಿ ಗೆಡ್ಡೆ ಮುಗಿದು ಎಲ್ಲಿ ಮಿದುಳು ಆರಂಭವಾಯಿತೆಂಬ ಗೆರೆಯೇ ಇರುವುದಿಲ್ಲ.

ಗಾಳಿಯ ಚಿತ್ರದಿಂದ ಡ್ಯಾಂಡಿ ಗೆಡ್ಡೆಯ ನೆಲೆ ಕಂಡರು. ಆದರೆ ಕಂಡದ್ದನ್ನೆಲ್ಲ ಗೆಲ್ಲಲು ಆಗಲಿಲ್ಲ. ಎಷ್ಟು ತೆಗೆದರೂ ಗ್ಲಯೋಮಾ ಮತ್ತೆ ಚಿಗುರುತ್ತಿತ್ತು. ಹಟಕ್ಕೆ ಬಿದ್ದ ಅವರು, ಗೆಡ್ಡೆಯಿಂದ ಎಡಗೈ ಎಡಗಾಲು ಆಗಲೇ ನಿಷ್ಕ್ರಿಯವಾಗಿದ್ದ ಕೆಲವು ರೋಗಿಗಳಲ್ಲಿ ಮಿದುಳಿನ ಬಲ ಅರ್ಧಗೋಳವನ್ನೇ ಪೂರ್ತಿಯಾಗಿ ತೆಗೆದುಹಾಕಿದರು. 1928ರಲ್ಲಿ ಈ ವರದಿ ಹೊರಬಂದಾಗ ವೈದ್ಯಲೋಕ ಬೆಚ್ಚಿತು. ಅರ್ಧ ಮಿದುಳು ಕಳೆದುಕೊಂಡವರು ಮಾತನಾಡುತ್ತಿದ್ದರು, ಮನೆಯವರನ್ನು ಗುರುತಿಸುತ್ತಿದ್ದರು! ಆದರೆ ಗೆಡ್ಡೆ ಆಗಲೇ ಗಡಿ ದಾಟಿತ್ತು. ಅಷ್ಟು ದೊಡ್ಡ ಬೆಲೆ ತೆತ್ತರೂ ಗ್ಲಯೋಮಾ ಮರುಕಳಿಸಿತು. ಆ ಶಸ್ತ್ರಚಿಕಿತ್ಸೆಯನ್ನು ಗೆಡ್ಡೆಗಾಗಿ ಮಾಡುವುದನ್ನು ಮುಂದೆ ಕೈಬಿಡಲಾಯಿತು. ಇಂದಿಗೂ ಗ್ಲಯೋಬ್ಲಾಸ್ಟೋಮಾಕ್ಕೆ ಪೂರ್ಣ ಪರಿಹಾರ ಸಿಕ್ಕಿಲ್ಲ.

ಅಮೆರಿಕದ ಖ್ಯಾತ ಸಂಗೀತ ಸಂಯೋಜಕ ಜಾರ್ಜ್ ಗರ್ಶ್ವಿನ್ ಅವರ ಕಥೆ ಡ್ಯಾಂಡಿಯವರ ಬದುಕಿನಲ್ಲಿ ಬರುವುದು ಇದೇ ರೋಗದ ನಂಟಿನಿಂದ. 'ರಾಪ್ಸಡಿ ಇನ್ ಬ್ಲೂ', 'ಪೋರ್ಗಿ ಅಂಡ್ ಬೆಸ್' ಕೃತಿಗಳ ಗರ್ಶ್ವಿನ್ 1936ರಲ್ಲಿ ಹಾಲಿವುಡ್ಡಿಗೆ ಬಂದಿದ್ದರು. 1937ರ ಫೆಬ್ರುವರಿಯಲ್ಲಿ ಲಾಸ್ ಏಂಜಲೀಸ್‌ನ ಕಚೇರಿಯೊಂದರಲ್ಲಿ ತಮ್ಮದೇ ಕೃತಿ ನುಡಿಸುತ್ತಿದ್ದಾಗ ಒಂದು ಕ್ಷಣ ಮರೆವು ಕವಿದು ಕೆಲವು ಸ್ವರಗಳು ತಪ್ಪಿದವು. ಆ ಗಳಿಗೆಯಲ್ಲಿ ರಬ್ಬರ್ ಸುಟ್ಟಂಥ ವಾಸನೆ ಅವರ ಮೂಗಿಗೆ ಅಡರಿತ್ತು, ಸುತ್ತ ಯಾರಿಗೂ ಬಾರದ ವಾಸನೆ. ಮುಂದಿನ ತಿಂಗಳುಗಳಲ್ಲಿ ಅದು ಮರಳಿ ಮರಳಿ ಬಂತು. ತಲೆನೋವು, ತಲೆಸುತ್ತು ಜೊತೆಯಾದವು. ಸ್ವಭಾವ ಬದಲಾಯಿತು, ಕೈಯಲ್ಲಿದ್ದ ವಸ್ತು ಜಾರತೊಡಗಿತು.

ಇಲ್ಲದ ವಾಸನೆ ಬಂದು ಹೋಗುವುದು ಕಪೋಲದ ಬದಿಯ ಮಿದುಳಿನ ಹಾಲೆಯಲ್ಲಿ ಏಳುವ ಅಪಸ್ಮಾರದ ಲಕ್ಷಣ ಎಂಬುದು ಆಗಲೂ ನರವೈದ್ಯರಿಗೆ ತಿಳಿದಿತ್ತು. ಆದರೆ ಗರ್ಶ್ವಿನ್ ಮನೋವಿಶ್ಲೇಷಣೆಗೆ ಹೋಗುತ್ತಿದ್ದವರು. ಹಾಲಿವುಡ್ಡಿನ ಒತ್ತಡ, ಬೇಸರ ಎಂದು ಸುತ್ತಲಿನವರು ಭಾವಿಸಿದರು. ಜೂನ್ ತಿಂಗಳಲ್ಲಿ ಆಸ್ಪತ್ರೆಗೆ ಸೇರಿಸಿ ಪರೀಕ್ಷಿಸಿದಾಗ ಹೇಳಿಕೊಳ್ಳುವಂಥ ದೋಷ ಕಾಣಲಿಲ್ಲ. ಬೆನ್ನಿನಿಂದ ದ್ರವ ತೆಗೆಯುವ ಪರೀಕ್ಷೆಗೆ ರೋಗಿಯೇ ಒಪ್ಪಲಿಲ್ಲ. ಬಹುಶಃ ಮನೋವ್ಯಾಧಿ ಎಂಬ ಟಿಪ್ಪಣಿಯೊಂದಿಗೆ ಮನೆಗೆ ಕಳುಹಿಸಲಾಯಿತು. ಗಾಳಿಯ ಚಿತ್ರ ಬಳಕೆಗೆ ಬಂದು ಆಗಲೇ 19 ವರ್ಷವಾಗಿತ್ತು. ಅದನ್ನು ಮಾಡಬೇಕೆಂದು ಯಾರಿಗೂ ಅನ್ನಿಸಲಿಲ್ಲ. ಬುರುಡೆ ಕೊರೆಯುವ ಪರೀಕ್ಷೆಯನ್ನು ಬರಿಯ ಶಂಕೆಯ ಮೇಲೆ ಮಾಡಲು ಹಿಂಜರಿಕೆ ಸಹಜವೇ. ಸ್ಕ್ಯಾನಿಂಗ್ ಯುಗದಲ್ಲಿ ಕುಳಿತು ಆ ವೈದ್ಯರನ್ನು ಜರಿಯುವುದು ಸುಲಭ.

ಜುಲೈ 9ರಂದು ಗರ್ಶ್ವಿನ್ ಕುಸಿದು ಬಿದ್ದು ಪ್ರಜ್ಞೆ ತಪ್ಪಿದರು. ಕಣ್ಣಿನ ಒಳಪರದೆಯಲ್ಲಿ ಊತ ಕಂಡಾಗ ತಲೆಯೊಳಗಿನ ಒತ್ತಡ ಮಿತಿಮೀರಿದ್ದು ಖಚಿತವಾಯಿತು. ಗೆಳೆಯರು ನಿವೃತ್ತರಾಗಿದ್ದ ಕುಶಿಂಗರನ್ನು ಸಂಪರ್ಕಿಸಿದರು. ಕುಶಿಂಗ್ ಸೂಚಿಸಿದ ಹೆಸರು ಡ್ಯಾಂಡಿಯದು! ಕಾಲು ಶತಮಾನದ ಮುನಿಸಿನ ನಡುವೆಯೂ ಇಂಥ ಗಳಿಗೆಯಲ್ಲಿ ಯಾರ ಕೈ ಬೇಕೆಂಬುದರ ಬಗ್ಗೆ ಗುರುವಿಗೆ ಅನುಮಾನವಿರಲಿಲ್ಲ.

ಡ್ಯಾಂಡಿ ಆ ವಾರಾಂತ್ಯ ಮೇರಿಲ್ಯಾಂಡ್ ಗವರ್ನರ್ ಜೊತೆ ಚೆಸಪೀಕ್ ಕೊಲ್ಲಿಯಲ್ಲಿ ದೋಣಿವಿಹಾರದಲ್ಲಿದ್ದರು. ಗರ್ಶ್ವಿನ್ ಗೆಳೆಯರು ಶ್ವೇತಭವನದವರೆಗೂ ದೂರವಾಣಿ ಮಾಡಿದರು. ಸರ್ಕಾರಿ ನೌಕೆಗಳ ನೆರವಿನಿಂದ ಅವರನ್ನು ಪತ್ತೆಹಚ್ಚಿ ದಡಕ್ಕೆ ತಂದು, ವಿಮಾನದಲ್ಲಿ ನ್ಯೂಆರ್ಕ್ ನಿಲ್ದಾಣಕ್ಕೆ ಕರೆತರಲಾಯಿತು. ಅಲ್ಲಿಂದ ಖಂಡದ ಇನ್ನೊಂದು ತುದಿಗೆ ಹಾರಬೇಕಿತ್ತು. ಅಷ್ಟರಲ್ಲಿ ರೋಗಿಯ ಸ್ಥಿತಿ ಬಿಗಡಾಯಿಸಿತ್ತು. ಸ್ಯಾನ್ ಫ್ರಾನ್ಸಿಸ್ಕೊದ ನರಶಸ್ತ್ರವೈದ್ಯ ಹೋವರ್ಡ್ ನಾಫ್‌ಜಿಗರ್ ರಜೆಯಿಂದ ಧಾವಿಸಿ ಲಾಸ್ ಏಂಜಲೀಸ್ ತಲುಪಿದ್ದರು. ಡ್ಯಾಂಡಿ ನ್ಯೂಆರ್ಕಿನಿಂದಲೇ ದೂರವಾಣಿಯಲ್ಲಿ ಸಮಾಲೋಚನೆ ನಡೆಸಿದರು. ಇನ್ನು ಕಾಯುವಂತಿಲ್ಲವೆಂದು ತೀರ್ಮಾನವಾಯಿತು. ಆ ರಾತ್ರಿ ಗರ್ಶ್ವಿನ್ ಅವರ ಮಿದುಳಿನ ಕೋಣೆಗಳಿಗೆ ಗಾಳಿ ಬಿಟ್ಟು ಚಿತ್ರ ತೆಗೆದರು. ಗೆಡ್ಡೆ ಬಲ ಕಪೋಲದ ಹಾಲೆಯಲ್ಲಿತ್ತು. ಡ್ಯಾಂಡಿಯವರು ಕಲಿಸಿದ ಪರೀಕ್ಷೆ, ಅವರು ಸಾವಿರಾರು ಮೈಲಿ ದೂರದಲ್ಲಿ ನಿಂತಿರುವಾಗಲೇ ಅದರ ಕೆಲಸ ಮಾಡಿತ್ತು. ಕಾರ್ಲ್ ರ‍್ಯಾಂಡ್ ಮತ್ತು ನಾಫ್‌ಜಿಗರ್ ಬುರುಡೆ ತೆರೆದು ದ್ರವ ತುಂಬಿದ ಚೀಲವನ್ನೂ ಅದರೊಳಗಿನ ಗೆಡ್ಡೆಯನ್ನೂ ತೆಗೆದರು. ಜುಲೈ 11ರ ಭಾನುವಾರ ಬೆಳಿಗ್ಗೆ ಗರ್ಶ್ವಿನ್ ಕೊನೆಯುಸಿರೆಳೆದರು. ಆಗ ಅವರಿಗೆ 38 ವರ್ಷ.

ಗೆಡ್ಡೆ ಗ್ಲಯೋಬ್ಲಾಸ್ಟೋಮಾ ಎಂದು ವರದಿಯಾಯಿತು. ಡ್ಯಾಂಡಿ ನಂತರ ಬರೆದ ಪತ್ರದಲ್ಲಿ, ಇದು ಬಿರುಸಾಗಿ ಬೆಳೆಯುವ ಜಾತಿಯದು, ಇದಕ್ಕಿಂತ ಹೆಚ್ಚಿನದನ್ನು ಯಾರೂ ಮಾಡಲಾಗುತ್ತಿರಲಿಲ್ಲ ಎಂಬ ಅಭಿಪ್ರಾಯ ತಿಳಿಸಿದರು. ಆದರೆ ಚರ್ಚೆ ಅಲ್ಲಿಗೆ ನಿಲ್ಲಲಿಲ್ಲ. ದಾಖಲೆಗಳನ್ನು ಮರುಪರಿಶೀಲಿಸಿದ ಕೆಲವರು, ದ್ರವದ ಚೀಲವಿದ್ದುದನ್ನೂ ಲಕ್ಷಣಗಳ ದೀರ್ಘ ಇತಿಹಾಸವನ್ನೂ ಗಮನಿಸಿ, ಅದು ನಿಧಾನವಾಗಿ ಬೆಳೆಯುವ ಬೇರೆ ಜಾತಿಯ ಗೆಡ್ಡೆಯಾಗಿದ್ದಿರಬಹುದು ಎಂದು ವಾದಿಸಿದ್ದಾರೆ. ಅದು ನಿಜವಾದರೆ ಜೂನ್ ತಿಂಗಳಲ್ಲಿ ತೆಗೆಯಬಹುದಾಗಿದ್ದ ಒಂದು ಚಿತ್ರದ ಬೆಲೆ ಏನೆಂದು ಯೋಚಿಸಬೇಕಾಗುತ್ತದೆ.

ಮರುವರ್ಷವೇ ಇನ್ನೊಬ್ಬ ಪ್ರಸಿದ್ಧ ರೋಗಿ ಬಾಲ್ಟಿಮೋರಿಗೇ ಬಂದರು. ಕಾದಂಬರಿಕಾರ ಥಾಮಸ್ ವುಲ್ಫ್. ನ್ಯುಮೋನಿಯಾದ ನಂತರ ಸಹಿಸಲಾಗದ ತಲೆನೋವು. ಒಂದೇ ಕಡೆ ಗಂಟು ಇದ್ದರೆ ತೆಗೆದುಬಿಡಬಹುದೆಂಬ ಆಸೆಯಿಂದ 1938ರ ಸೆಪ್ಟೆಂಬರ್ 12ರಂದು ಡ್ಯಾಂಡಿ ಬುರುಡೆ ತೆರೆದರು. ಮಿದುಳಿನ ತುಂಬ ಕ್ಷಯದ ಗುಳ್ಳೆಗಳು ಹರಡಿದ್ದವು. ಕ್ಷಯಕ್ಕೆ ಆಗ ಔಷಧವಿರಲಿಲ್ಲ. ಮೂರು ದಿನಗಳಲ್ಲಿ ವುಲ್ಫ್ ತೀರಿಕೊಂಡರು.

ಸಿಡುಕ, ಉದಾರಿ

ಶಸ್ತ್ರಚಿಕಿತ್ಸಾ ಕೊಠಡಿಯಲ್ಲಿ ಡ್ಯಾಂಡಿ ಬಲು ಮುಂಗೋಪಿ. ಸಹಾಯಕ ತಡಬಡಿಸಿದರೆ ಉಪಕರಣ ಹಾರಿಹೋಗುತ್ತಿತ್ತು, ಕೆಲಸದಿಂದ ವಜಾ ಮಾಡಿದ್ದೂ ಉಂಟು. ಕುಶಿಂಗ್ ರಕ್ತದ ಒಂದೊಂದು ಹನಿಯನ್ನೂ ತಡೆಯುತ್ತ ಗಂಟೆಗಟ್ಟಲೆ ಕೆಲಸ ಮಾಡಿದರೆ, ಡ್ಯಾಂಡಿಯವರದು ವೇಗದ ಕೈ. ಅವರು ಕಟ್ಟಿದ ತಂಡ ವರ್ಷಕ್ಕೆ ಸಾವಿರದಷ್ಟು ಶಸ್ತ್ರಚಿಕಿತ್ಸೆ ನಡೆಸುವಷ್ಟು ಪಳಗಿತ್ತು. ಅದೇ ಡ್ಯಾಂಡಿ ಶಾಲಾ ಶಿಕ್ಷಕರಿಂದ, ಪಾದ್ರಿಗಳಿಂದ, ದಾದಿ-ವೈದ್ಯರಿಂದ, ಕೈಯಲ್ಲಿ ಕಾಸಿಲ್ಲದವರಿಂದ ಶುಲ್ಕ ಪಡೆಯುತ್ತಿರಲಿಲ್ಲ. 1924ರಲ್ಲಿ ಸೇಡಿ ಮಾರ್ಟಿನ್ ಅವರನ್ನು ವಿವಾಹವಾದರು, ನಾಲ್ವರು ಮಕ್ಕಳು. ಊರಿನ ತಂದೆತಾಯಿಗೆ ತಪ್ಪದೆ ಪತ್ರ ಬರೆಯುತ್ತಿದ್ದ ಮಗ ಮನೆಯಲ್ಲಿ ಮಕ್ಕಳೊಂದಿಗೆ ಮಗುವಾಗುವ ತಂದೆಯಾಗಿದ್ದರೆಂದು ಮಗಳು ಮೇರಿ ಎಲೆನ್ 2002ರಲ್ಲಿ ಪ್ರಕಟಿಸಿದ ಜೀವನಚರಿತ್ರೆಯಿಂದ ತಿಳಿಯುತ್ತದೆ.

ಗೆಡ್ಡೆಯಾಚೆಗೂ ಅವರ ಸಾಧನೆ ದೊಡ್ಡದು. 1937ರ ಮಾರ್ಚ್ 23ರಂದು ಮಿದುಳಿನ ರಕ್ತನಾಳದ ಉಬ್ಬಿಗೆ ಬೆಳ್ಳಿಯ ಕ್ಲಿಪ್ ಹಾಕಿ ಮುಚ್ಚಿದರು, ಜಗತ್ತಿನಲ್ಲೇ ಮೊದಲು. ಆ ಕ್ಲಿಪ್ಪಿನ ಮೂಲ ವಿನ್ಯಾಸ ಕುಶಿಂಗರದೆಂಬುದು ವಿನೋದ! ಬೇಸ್‌ಬಾಲ್ ಆಟಗಾರರ ತಲೆಗೆ ಚೆಂಡು ಬಡಿಯುವುದನ್ನು ಕಂಡು 1941ರಲ್ಲಿ ರಕ್ಷಾಕವಚದ ಟೋಪಿ ರೂಪಿಸಲು ನೆರವಾದರು. ನೊಬೆಲ್‌ಗೆ ಅವರ ಹೆಸರು ಸೂಚಿತವಾಗಿತ್ತು, ಕುಶಿಂಗರದೂ ಸೂಚಿತವಾಗಿತ್ತು, ಇಬ್ಬರಿಗೂ ಬರಲಿಲ್ಲ. 1927ರಲ್ಲಿ ಮಿದುಳಿನ ರಕ್ತನಾಳಗಳಿಗೆ ಔಷಧ ಹರಿಸಿ ಚಿತ್ರ ತೆಗೆಯುವ ಆಂಜಿಯೋಗ್ರಫಿಯನ್ನು ಕಂಡುಹಿಡಿದ ಪೋರ್ಚುಗಲ್‌ನ ಎಗಾಸ್ ಮೋನಿಜ್ ಅವರಿಗೆ 1949ರಲ್ಲಿ ಬಂತು. ಅದೂ ಆ ಉಪಯುಕ್ತ ಶೋಧಕ್ಕಲ್ಲ, ಮನೋರೋಗಿಗಳ ಮಿದುಳಿನ ತಂತುಗಳನ್ನು ಕತ್ತರಿಸುವ, ಇಂದು ಎಲ್ಲರೂ ಹಳಿಯುವ ಶಸ್ತ್ರಚಿಕಿತ್ಸೆಗೆ. ನೊಬೆಲ್ ಸಮಿತಿಯ ಲೆಕ್ಕಾಚಾರ ಕೆಲವೊಮ್ಮೆ ಹೀಗೆಯೇ.

1946ರ ಏಪ್ರಿಲ್ ಮೊದಲ ದಿನ ಡ್ಯಾಂಡಿಗೆ ಹೃದಯಾಘಾತವಾಯಿತು. ಚೇತರಿಸಿಕೊಂಡರೆನ್ನುವಷ್ಟರಲ್ಲಿ ಏಪ್ರಿಲ್ 19ರಂದು ಇನ್ನೊಂದು ಆಘಾತಕ್ಕೆ ತುತ್ತಾಗಿ ಹಾಪ್ಕಿನ್ಸ್ ಆಸ್ಪತ್ರೆಯಲ್ಲೇ ನಿಧನರಾದರು. 60 ತುಂಬಿ 13 ದಿನಗಳಷ್ಟೇ ಆಗಿದ್ದವು.

ಅವರ ಗಾಳಿಯ ಚಿತ್ರ ಮುಂದೆ ಇನ್ನೂ ಕಾಲು ಶತಮಾನ ಬಾಳಿತು. 1971ರ ಅಕ್ಟೋಬರ್ 1ರಂದು ಲಂಡನ್ನಿನ ವಿಂಬಲ್ಡನ್ನಿನಲ್ಲಿದ್ದ ಅಟ್ಕಿನ್ಸನ್ ಮಾರ್ಲೆ ಆಸ್ಪತ್ರೆಯಲ್ಲಿ ಮಹಿಳೆಯೊಬ್ಬರನ್ನು ಎಂಜಿನಿಯರ್ ಗಾಡ್‌ಫ್ರಿ ಹೌನ್ಸ್‌ಫೀಲ್ಡ್ ನಿರ್ಮಿಸಿದ ಹೊಸ ಯಂತ್ರದಲ್ಲಿ ಮಲಗಿಸಲಾಯಿತು. ಅದೇ ಮೊದಲ ಸಿಟಿ ಸ್ಕ್ಯಾನ್. ಯಂತ್ರ ತಲೆಯ ಸುತ್ತ ತಿರುಗುತ್ತ ನೂರಾರು ಕೋನಗಳಿಂದ ಕ್ಷ-ಕಿರಣದ ಅಳತೆ ತೆಗೆದು, ಮಿದುಳು ಮತ್ತು ಗೆಡ್ಡೆಯ ನಡುವಿನ ಸಾಂದ್ರತೆಯ ಅತ್ಯಲ್ಪ ವ್ಯತ್ಯಾಸವನ್ನೂ ಗಣಕದಿಂದ ಲೆಕ್ಕ ಹಾಕಿ ಚಿತ್ರ ಬಿಡಿಸಿತು. ಹಣೆಯ ಭಾಗದ ಹಾಲೆಯಲ್ಲಿ ಗೆಡ್ಡೆ ನೇರವಾಗಿ ಕಂಡಿತು. ಬುರುಡೆ ತೆರೆದ ಶಸ್ತ್ರವೈದ್ಯರು ಚಿತ್ರದಲ್ಲಿದ್ದಂತೆಯೇ ಗೆಡ್ಡೆ ಇತ್ತೆಂದು ವರದಿ ಮಾಡಿದರು. ಆಮೇಲೆ ಎಂಆರ್‌ಐ ಬಂತು. ಕ್ಷ-ಕಿರಣದ ಗೊಡವೆಯೇ ಇಲ್ಲದೆ ಅಯಸ್ಕಾಂತದ ಬಲದಿಂದ ಗೆಡ್ಡೆಯ ಸುತ್ತಲಿನ ಊತವನ್ನೂ ಅದು ಬೇರ್ಪಡಿಸಿ ತೋರಿಸುತ್ತದೆ. ಗೆಡ್ಡೆ ಯಾವ ಜಾತಿಯದೆಂದು ಕಡೆಯದಾಗಿ ಹೇಳಲು ಮಾತ್ರ ಇಂದಿಗೂ ಅದರ ಚೂರನ್ನು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡಬೇಕು, ವಂಶವಾಹಿಗಳ ಪರೀಕ್ಷೆ ನಡೆಸಬೇಕು.

ಸಿಟಿ ಯಂತ್ರ ಹೋದ ಊರುಗಳಲ್ಲೆಲ್ಲ ತಲೆಗೆ ಗಾಳಿ ತುಂಬುವ ಪರೀಕ್ಷೆ ಕೆಲವೇ ವರ್ಷಗಳಲ್ಲಿ ನಿಂತುಹೋಯಿತು. ಆದರೆ ಇಂದಿನ ವರದಿಯೊಂದನ್ನು ತೆಗೆದು ನೋಡಿ: ಕೋಣೆಗಳು ಹಿಗ್ಗಿವೆಯೇ, ಅಮುಕಿವೆಯೇ, ನಡುಗೆರೆ ಎಷ್ಟು ಮಿಲಿಮೀಟರ್ ಸರಿದಿದೆ ಎಂಬ ಸಾಲುಗಳು ಅದರಲ್ಲಿ ಇರುತ್ತವೆ. ತುರ್ತು ಚಿಕಿತ್ಸೆ ಬೇಕೇ ಎಂಬುದನ್ನು ವೈದ್ಯರು ಈಗಲೂ ಆ ಸಾಲುಗಳಿಂದಲೇ ಮೊದಲು ಅಂದಾಜು ಮಾಡುತ್ತಾರೆ.